ಇಎಸ್‌ಪಿ32 ಮಳೆಮಾಪಕದಿಂದ ಮಾಸ್ಟೊಡಾನ್‌ಗೆ ಕನ್ನಡ ಪೋಸ್ಟ್: 400, -1, ಒಂದೇ ದಿನ ಎರಡೆರಡು ಪೋಸ್ಟ್

ಅಡಿಕೆತೋಟ_ಲ್ಯಾಬ್ (ಪ್ರಶ್ನೆ)

ಇಎಸ್‌ಪಿ32 ಡೆವ್ ಬೋರ್ಡ್ (ವೈಫೈ ಇರುವ ಪುಟ್ಟ ಕಂಟ್ರೋಲರ್), ಟಿಪ್ಪಿಂಗ್ ಬಕೆಟ್ ಮಳೆಮಾಪಕ (ಬಕೆಟ್ ತುಂಬಿ ಮಗುಚಿದರೆ ಒಂದು ಟಿಪ್; ಒಂದು ಟಿಪ್‌ಗೆ 0.2794 ಮಿ.ಮೀ.), ಆರ್ಡುಯಿನೊ ಐಡಿಇ. ದಿನಾ ಬೆಳಿಗ್ಗೆ 8:30ಕ್ಕೆ ಹಿಂದಿನ 24 ಗಂಟೆಯ ಮಳೆ ಲೆಕ್ಕ ತಾನಾಗಿಯೇ ಮಾಸ್ಟೊಡಾನ್ (ಎಕ್ಸ್ ಥರದ ಸಾಮಾಜಿಕ ಜಾಲ) ಖಾತೆಗೆ ಹೋಗಬೇಕು. ಮಧ್ಯದಲ್ಲಿ ಬೋರ್ಡ್ ಬ್ಯಾಟರಿ ಉಳಿಸಲು ಡೀಪ್ ಸ್ಲೀಪ್‌ನಲ್ಲಿರುತ್ತೆ. ತೊಂದರೆ ಮೂರು:

ಇಂಗ್ಲಿಷ್ ಸಾಲು ಸಲೀಸಾಗಿ ಹೋಗ್ತಿತ್ತು, ಕನ್ನಡಕ್ಕೆ ಬದಲಾಯಿಸಿದ ಮೇಲೆ ಸರ್ವರ್ 400 (ವಿನಂತಿ ತಪ್ಪಾಗಿದೆ) ಅಂತಿದೆ. "ತೀರ್ಥಹಳ್ಳಿ: 24 ಗಂಟೆಗಳಲ್ಲಿ ಮಳೆ: 42.7 ಮಿ.ಮೀ." ಅಂತ ಬರಬೇಕಾದ್ದು ಸೀರಿಯಲ್ ಮಾನಿಟರ್‌ನಲ್ಲಿ "ತೀರ್ಥಹಳ್ಳಿ: 24 ಗಂಟೆಗಳಲ್ಲ" ಅನ್ನೋವಲ್ಲಿಗೆ ನಿಂತು, ಪಕ್ಕದಲ್ಲಿ ಒಂದು ಚೌಕ ಕಾಣುತ್ತೆ.

ಒಂದೇ ಕೋಡ್ ಎರಡು ತಿಂಗಳು ನಡೆದು, ಆಮೇಲೆ ಒಂದು ದಿನ -1 (ಸಂಪರ್ಕ ಆಗಲಿಲ್ಲ) ಕೊಡೋಕೆ ಶುರು. ವೈಫೈ ಸರಿಯಾಗಿದೆ.

ಕೆಲವು ದಿನ ಒಂದೇ ಪೋಸ್ಟ್ ಎರಡು ಸಲ.

ಇದನ್ನೇ ಎಕ್ಸ್‌ಗೂ ಹಾಕಬಹುದಾ?

ಪಿನ್33

ಮೊದಲನೇದು ಬಫರ್ (ಸಾಲನ್ನು ತುಂಬಿಡುವ ಮೆಮೊರಿ ಜಾಗ) ಸಮಸ್ಯೆ. ನಿಮ್ಮ ಕೋಡ್‌ನಲ್ಲಿ 64 ಬೈಟ್‌ನ ಕ್ಯಾರ್ ಅರೇ ಇದ್ದಿರಬೇಕು. ಯುಟಿಎಫ್-8 ಅನ್ನೋ ಅಕ್ಷರ ಬರೆಯುವ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಕಾಗುಣಿತದ ಚಿಹ್ನೆಗೂ, ಒತ್ತಕ್ಷರ ಕಟ್ಟುವ ವಿರಾಮಕ್ಕೂ ಬೇರೆ ಬೇರೆಯಾಗಿ ಮೂರು ಮೂರು. "ತೀರ್ಥಹಳ್ಳಿ" ಒಂದೇ 30 ಬೈಟ್ ನುಂಗುತ್ತೆ. ಲೆಕ್ಕ ಹಾಕಿ ನೋಡಿ: 30, ಕೋಲನ್ ಮತ್ತು ಖಾಲಿ ಜಾಗಕ್ಕೆ 2, "24" ಮತ್ತು ಅದರ ಮುಂದಿನ ಖಾಲಿ ಜಾಗಕ್ಕೆ 3, ಒಟ್ಟು 35. ಸಾಲು ಮುಗಿಯಿತು ಅಂತ ಹೇಳುವ ಕೊನೆಯ ಸೊನ್ನೆಗೆ ಒಂದು ಬಿಟ್ಟರೆ 64ರಲ್ಲಿ ಉಳಿಯೋದು 28. "ಗಂಟೆಗಳಲ್ಲಿ"ಗೆ ಬೇಕಾದ್ದು 30. ಹಾಗಾಗಿ ಕೊನೆಯ ಗುಡಿಸಿನ ಒಂದು ಬೈಟ್ ಮಾತ್ರ ಒಳಗೆ ಬಂದು ಉಳಿದೆರಡು ಹೊರಗುಳಿದವು. ಆ ಮುರುಕು ಬೈಟೇ ನಿಮಗೆ ಕಾಣುವ ಚೌಕ, 400ಕ್ಕೆ ಕಾರಣವೂ ಅದೇ. ಪೂರ್ತಿ ಸಾಲಿಗೆ 96 ಬೈಟ್ ಮತ್ತು ಕೊನೆಯ ಸೊನ್ನೆ ಬೇಕು. ಬಫರ್ 256 ಮಾಡಿ, ಸಾಲು ಕಟ್ಟುವ ಫಂಕ್ಷನ್ ಎಸ್‌ಎನ್‌ಪ್ರಿಂಟ್‌ಎಫ್ ವಾಪಸ್ ಕೊಡುವ ಸಂಖ್ಯೆ 256 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಳಿಸಲೇಬೇಡಿ.

ಇದು ಸರಿಹೋದ ಮೇಲೆ ಮುಂದಿನ ಗುಂಡಿ: ಫಾರ್ಮ್ ರೂಪದಲ್ಲಿ ಕಳಿಸ್ತಿದ್ದರೆ, ಸಾಲಿನಲ್ಲಿ "&" ಬಂದ ತಕ್ಷಣ ಪೋಸ್ಟ್ ಅಲ್ಲಿಗೇ ಮುಗಿಯುತ್ತೆ, "+" ಖಾಲಿ ಜಾಗ ಆಗುತ್ತೆ. ಪರ್ಸೆಂಟ್ ಎನ್‌ಕೋಡಿಂಗ್ ಮಾಡಿದರೆ ಒಂದೊಂದು ಕನ್ನಡ ಸಂಕೇತ 9 ಅಕ್ಷರ ಆಗಿ ಉಬ್ಬುತ್ತೆ. ಅದಕ್ಕಿಂತ ಆರ್ಡುಯಿನೊಜೇಸನ್ ಲೈಬ್ರರಿಯಲ್ಲಿ ಸ್ಟೇಟಸ್, ವಿಸಿಬಿಲಿಟಿ, ಲ್ಯಾಂಗ್ವೇಜ್ ಮೂರು ಫೀಲ್ಡ್ ತುಂಬಿ ಜೇಸನ್ ಆಗಿ ಕಳಿಸೋದೇ ವಾಸಿ. ಕಂಟೆಂಟ್-ಟೈಪ್ ಹೆಡರ್ ಬದಲಾಯಿಸೋದು ಮರೀಬೇಡಿ. ಭಾಷೆಯ ಕೋಡ್ ಕನ್ನಡದ್ದೇ ಕೊಡಿ. ಕನ್ನಡ ಪೋಸ್ಟ್‌ಗಳನ್ನು ಮಾತ್ರ ಸೋಸಿ ಓದುವವರಿಗೆ ಸಿಗುತ್ತೆ.

ಸೋಲ್ಡರ್_ಹೊಗೆ

-1 ಬಗ್ಗೆ. ಸರ್ವರ್‌ನ ಸರ್ಟಿಫಿಕೇಟನ್ನೇ (ಅದರ ಗುರುತಿನ ಪತ್ರ) ಬ್ರೌಸರ್‌ನಿಂದ ತೆಗೆದು ಕೋಡ್‌ಗೆ ಅಂಟಿಸಿದ್ದೀರಿ ಅನ್ಸುತ್ತೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಡುವ ಸರ್ಟಿಫಿಕೇಟ್‌ನ ಆಯಸ್ಸು ಸಾಮಾನ್ಯವಾಗಿ 90 ದಿನ, ಅದಕ್ಕೂ ಮೊದಲೇ ಸರ್ವರ್ ಹೊಸದು ಹಾಕಿಕೊಳ್ಳುತ್ತೆ. ಅಲ್ಲಿಗೆ ನಿಮ್ಮ ಬೋರ್ಡ್‌ನಲ್ಲಿರೋದು ತಾಳೆಯಾಗಲ್ಲ. ಟಿಎಲ್‌ಎಸ್ (ಸುರಕ್ಷಿತ ಸಂಪರ್ಕ) ಮುರಿದು ಬಿದ್ದದ್ದನ್ನೂ ಎಚ್‌ಟಿಟಿಪಿ ಲೈಬ್ರರಿ -1 ಅಂತಲೇ ಹೇಳೋದರಿಂದ ಎಲ್ಲರೂ ವೈಫೈ ಕಡೆ ನೋಡ್ತಾರೆ. ಅದರ ಬದಲು ರೂಟ್ ಸರ್ಟಿಫಿಕೇಟ್ (ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಮೂಲಪತ್ರ) ಹಾಕಿ. ಲೆಟ್ಸ್ ಎನ್‌ಕ್ರಿಪ್ಟ್ ಆದರೆ ಐಎಸ್‌ಆರ್‌ಜಿ ರೂಟ್ ಎಕ್ಸ್1, 2035ರ ಜೂನ್‌ವರೆಗೆ ಊರ್ಜಿತ. ನಿಮ್ಮ ಸರ್ವರ್ ಯಾವುದರ ಕೆಳಗಿದೆ ಅಂತ ಬ್ರೌಸರ್‌ನ ಬೀಗದ ಗುರುತು ಒತ್ತಿ ನೋಡಿಕೊಳ್ಳಿ. ಸೆಟ್‌ಇನ್‌ಸೆಕ್ಯೂರ್ (ಪರಿಶೀಲನೆ ಬೇಡ ಅನ್ನೋ ಆಯ್ಕೆ) ಹಾಕಿದರೂ ಕೆಲಸ ನಡೆಯುತ್ತೆ, ಆದರೆ ಮಧ್ಯೆ ಕೂತವರ ಕೈಗೆ ಟೋಕನ್ (ಖಾತೆಯ ಕೀಲಿ) ಕೊಟ್ಟಂಗೆ. ಪರೀಕ್ಷೆಗೆ ಮಾತ್ರ.

ಟೋಕನ್ ಪಡೆಯುವಾಗ ಪೂರ್ತಿ "ರೈಟ್" ಅನುಮತಿ ಬೇಡ, "ರೈಟ್:ಸ್ಟೇಟಸಸ್" ಒಂದೇ ಸಾಕು. ಬೋರ್ಡ್ ಕೈಗೆ ಸಿಕ್ಕವರು ಯುಎಸ್‌ಬಿ ಚುಚ್ಚಿ ಫ್ಲ್ಯಾಶ್ ಓದಿಬಿಡಬಹುದು.

ಎಕ್ಸ್: ಆ ದಾರಿ ನಾನಾದರೆ ಬಿಡ್ತೀನಿ. 2023ರಲ್ಲಿ ಹಳೇ ಉಚಿತ ಎಪಿಐ ಮುಚ್ಚಿದರು. ಓಆತ್ 1.0ಎ ಅನ್ನೋ ಅನುಮತಿ ಪದ್ಧತಿ ಬಳಸಿದರೆ ಪ್ರತಿ ವಿನಂತಿಗೂ ಎಚ್‌ಮ್ಯಾಕ್ ಸಹಿ ಬೇಕು. ಮಾಸ್ಟೊಡಾನ್‌ಗೆ ಒಂದು ಬೇರರ್ ಟೋಕನ್ ಹೆಡರ್ ಸಾಕು. ಇನ್ನೊಂದು ಕಡೆಯೂ ಬೇಕಿದ್ದರೆ ಟೆಲಿಗ್ರಾಂ ಚಾನೆಲ್ ಸುಲಭ, ಬಾಟನ್ನು ಅಡ್ಮಿನ್ ಮಾಡಿದರಾಯ್ತು.

ಮುಂಗಾರು_ಬೈಟ್

ಎರಡೆರಡು ಪೋಸ್ಟ್‌ಗೆ ಕಾರಣ ಎರಡಿರಬಹುದು, ಎರಡನ್ನೂ ಮುಚ್ಚಿ.

ಒಂದು, ಗಡಿಯಾರ. ಡೀಪ್ ಸ್ಲೀಪ್‌ನಲ್ಲಿ ಸಮಯ ನೋಡೋದು ಚಿಪ್ಪಿನೊಳಗಿನ 150 ಕಿಲೊಹರ್ಟ್ಜ್ ಆರ್‌ಸಿ ಆಸಿಲೇಟರ್. ಬಿಸಿಲು, ಚಳಿಗೆ ಅದರ ವೇಗ ಏರುಪೇರು. ಬೋರ್ಡ್ 8:24ಕ್ಕೇ ಎದ್ದು, ತನ್ನ ಲೆಕ್ಕದಲ್ಲಿ 8:30 ಆಯ್ತು ಅಂತ ಪೋಸ್ಟ್ ಹಾಕುತ್ತೆ. ಆಮೇಲೆ ಎನ್‌ಟಿಪಿಯಿಂದ (ಇಂಟರ್ನೆಟ್ ಮೂಲಕ ಸಮಯ ಕೊಡುವ ಸೇವೆ) ಸರಿಯಾದ ಸಮಯ ಸಿಕ್ಕಿ, "8:30ಕ್ಕೆ ಇನ್ನೂ 6 ನಿಮಿಷ" ಅಂತ ಮಲಗಿ, ಎದ್ದು ಮತ್ತೊಂದು ಹಾಕುತ್ತೆ. ಎದ್ದ ಮೇಲೆ ಮೊದಲು ಎನ್‌ಟಿಪಿ (ನಮ್ಮ ಸಮಯಕ್ಕೆ ಆಫ್‌ಸೆಟ್ 19800 ಸೆಕೆಂಡ್), ಆಮೇಲೆ ತೀರ್ಮಾನ. ಇನ್ನೂ 8:30 ಆಗಿಲ್ಲದಿದ್ದರೆ ಏನನ್ನೂ ಕಳಿಸದೆ ಮತ್ತೆ ಮಲಗಲಿ.

ಇನ್ನೊಂದು, -11 ಬಂದಾಗ ಬೋರ್ಡ್ ಮತ್ತೆ ಕಳಿಸೋದು. -11 ಅಂದರೆ ರೀಡ್ ಟೈಮ್‌ಔಟ್. ಸರ್ವರ್ ಪೋಸ್ಟ್ ಹಾಕಿಯಾಗಿದೆ, ಉತ್ತರ ಮಾತ್ರ ತಡವಾಯ್ತು. ಡೀಫಾಲ್ಟ್ ಕಾಯುವಿಕೆ 5 ಸೆಕೆಂಡ್, ಹಳ್ಳಿಯ ಹಾಟ್‌ಸ್ಪಾಟ್‌ಗೆ ಅದು ಸಾಲದು. 15 ಮಾಡಿ. ಜೊತೆಗೆ ಐಡೆಂಪೊಟೆನ್ಸಿ-ಕೀ ಅನ್ನೋ ಹೆಡರ್‌ನಲ್ಲಿ ಆ ದಿನದ ತಾರೀಖನ್ನು 20250714 ಥರ ಕಳಿಸಿ. ಅದೇ ಕೀ ಮತ್ತೆ ಬಂದರೆ ಮಾಸ್ಟೊಡಾನ್ ಹೊಸದನ್ನು ಹಾಕದೆ ಹಳೆಯದನ್ನೇ ತೋರಿಸುತ್ತೆ.

ಅಂದಹಾಗೆ 8:30 ಇಟ್ಟಿದ್ದು ಒಳ್ಳೇದು. ಹವಾಮಾನ ಇಲಾಖೆಯ ಮಳೆ ದಿನವೂ 8:30ಕ್ಕೇ ಮುಗಿಯೋದು, ಅಂಕಿ ಪಕ್ಕಪಕ್ಕ ಇಟ್ಟು ನೋಡಬಹುದು.

ಅಡಿಕೆತೋಟ_ಲ್ಯಾಬ್

ಬಫರ್ ನಿಜಕ್ಕೂ 64 ಇತ್ತು, 256 ಮಾಡಿದೆ, 400 ಹೋಯ್ತು. ಥ್ಯಾಂಕ್ಸ್ ಸರ್. ಕೀ ಒಂದಿದ್ದರೆ ಕಳಿಸಿದ ತಾರೀಖನ್ನು ಬೋರ್ಡ್‌ನಲ್ಲಿ ಇಟ್ಟುಕೊಳ್ಳೋದು ಬೇಡವಾ? ಮತ್ತೆ, ಮಳೆ ನಿಂತ ಮೇಲೂ ಬೋರ್ಡ್ ಪದೇ ಪದೇ ಏಳ್ತಿರುತ್ತೆ, ಬ್ಯಾಟರಿ ಒಂದೇ ರಾತ್ರಿಗೆ ಖಾಲಿ.

ಮುಂಗಾರು_ಬೈಟ್

ಬೇಕು. ಸರ್ವರ್ ಆ ಕೀಯನ್ನು ನೆನಪಿಡೋದು ಒಂದು ಗಂಟೆ ಮಾತ್ರ. 200 (ಯಶಸ್ಸು) ಬಂದ ಮೇಲಷ್ಟೇ ತಾರೀಖನ್ನು ವಿದ್ಯುತ್ ಹೋದರೂ ಉಳಿಯುವ ಎನ್‌ವಿಎಸ್‌ಗೆ ಬರೆಯಿರಿ. ಆರ್‌ಟಿಸಿ ಮೆಮೊರಿ ಡೀಪ್ ಸ್ಲೀಪ್ ತಡೆಯುತ್ತೆ, ಬ್ಯಾಟರಿ ಕಿತ್ತರೆ ಉಳಿಯಲ್ಲ. ಟಿಪ್ ಲೆಕ್ಕ ಆರ್‌ಟಿಸಿಯಲ್ಲಿರಲಿ, ಗಂಟೆಗೊಮ್ಮೆ ಎನ್‌ವಿಎಸ್‌ಗೆ ಹೋಗಲಿ.

ಪಿನ್33

ಬ್ಯಾಟರಿ ವಿಷಯ: ಬಕೆಟ್ ಅರ್ಧದಲ್ಲಿ ನಿಂತು, ಅಯಸ್ಕಾಂತ ರೀಡ್ ಸ್ವಿಚ್ (ಅಯಸ್ಕಾಂತ ಬಂದರೆ ಮುಚ್ಚುವ ಸ್ವಿಚ್) ಎದುರಿಗೇ ಉಳಿದಿದೆ. ಎಕ್ಸ್‌ಟಿ0 (ಪಿನ್ ನೋಡಿ ಬೋರ್ಡ್ ಎಬ್ಬಿಸುವ ವ್ಯವಸ್ಥೆ) ನೋಡೋದು ಮಟ್ಟವನ್ನು, ಬದಲಾವಣೆಯನ್ನಲ್ಲ. ಪಿನ್ ಲೋ ಇರುವವರೆಗೂ ಮಲಗಿದ ತಕ್ಷಣ ಎಬ್ಬಿಸುತ್ತೆ. ಮಲಗುವ ಮುಂಚೆ ಪಿನ್ ಓದಿ. ಲೋ ಇದ್ದರೆ ಎಚ್ಚರದ ಮಟ್ಟವನ್ನು 1ಕ್ಕೆ ಇಡಿ, ಹೈ ಇದ್ದರೆ 0ಗೆ. 1ಕ್ಕೆ ಎದ್ದದ್ದನ್ನು ಟಿಪ್ ಅಂತ ಎಣಿಸಬೇಡಿ. ಪುಲ್-ಅಪ್‌ಗೆ (ಪಿನ್ ಹೈ ಇಡಲು) ಹೊರಗಡೆ 10 ಕಿಲೊಓಮ್ ರೆಸಿಸ್ಟರ್ ಹಾಕಿ.

ಟಿಪ್‌ಗೆ ಎದ್ದಾಗ ವೈಫೈ ಮುಟ್ಟಲೇಬೇಡಿ, ಎಣಿಸಿ ಮಲಗಲಿ. ವೈಫೈ ಹಚ್ಚಿರುವಾಗ ಮಾತ್ರ ಅದೇ ಪಿನ್‌ಗೆ ಇಂಟರಪ್ಟ್ ಕಟ್ಟಿ. ಗಂಟೆಗೆ 100 ಮಿ.ಮೀ. ಸುರಿಯುವಾಗ ಸುಮಾರು 10 ಸೆಕೆಂಡಿಗೊಂದು ಟಿಪ್, ಪೋಸ್ಟ್ ಹೋಗುವ ಹೊತ್ತಿನಲ್ಲಿ ಒಂದು ತಪ್ಪಿಹೋಗಬಹುದು.

ವೈಫೈ ಹಚ್ಚಿದೊಡನೆ "ಬ್ರೌನ್‌ಔಟ್ ಡಿಟೆಕ್ಟರ್" (ವೋಲ್ಟೇಜ್ ಕುಸಿದಿದೆ) ಅಂತ ಬಂದು ರೀಸೆಟ್ ಆದರೆ 3.3 ವೋಲ್ಟ್ ಮತ್ತು ಗ್ರೌಂಡ್ ನಡುವೆ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿ, ಬೋರ್ಡ್‌ಗೆ ಆದಷ್ಟು ಹತ್ತಿರ.

ಸೋಲ್ಡರ್_ಹೊಗೆ

ಖಾತೆಯ ಪ್ರೊಫೈಲ್‌ನಲ್ಲಿ "ಇದು ಸ್ವಯಂಚಾಲಿತ ಖಾತೆ" ಅನ್ನೋದಕ್ಕೆ ಟಿಕ್ ಹಾಕಿ, ಕೋಡ್ ತಿದ್ದುವಷ್ಟು ದಿನ ವಿಸಿಬಿಲಿಟಿ "ಪ್ರೈವೇಟ್" ಇರಲಿ. ಪರೀಕ್ಷೆಯ 0.0 ಮಿ.ಮೀ. ಪೋಸ್ಟ್‌ಗಳು ಸರ್ವರ್‌ನ ಲೋಕಲ್ ಟೈಮ್‌ಲೈನ್ ತುಂಬಿಕೊಂಡರೆ ಮಾಡರೇಟರ್ ಖಾತೆಯನ್ನೇ ತಡೆಹಿಡಿಯಬಹುದು.