ಕಲಬುರಗಿಯಿಂದ ಮೊದಲ ಲೈವ್ ಇಂಡೀ ರಾಕ್ ಶೋಗೆ: ಹೋಗಿ ಬಂದವರು ಹೇಳಿ

ಕೇಳಿದವರು, ಕಲಬುರಗಿ: ಇಷ್ಟು ವರ್ಷ ಇಂಡೀ ರಾಕ್ (ದೊಡ್ಡ ಕಂಪನಿಗಳ ಹಂಗಿಲ್ಲದ ಬ್ಯಾಂಡ್‌ಗಳ ಸ್ವಂತ ರಾಕ್ ಹಾಡು) ಕೇಳಿದ್ದೆಲ್ಲ ಇಯರ್‌ಫೋನಿನಲ್ಲೇ. ಈಗ ತಂಗಿಯ ಜೊತೆ ಒಂದು ಲೈವ್ ಶೋ ನೋಡುವ ಆಸೆ. ಹೈದರಾಬಾದಿಗೆ ಹೋಗಬೇಕಾ, ಬೆಂಗಳೂರಿಗಾ? ಯಾವ ಬ್ಯಾಂಡ್ ಒಳ್ಳೆಯದು? ಎಲ್ಲಿ ನಿಂತರೆ ಚೆನ್ನಾಗಿ ಕೇಳುತ್ತದೆ?

ಬೀದರ್‌ನಿಂದ: ಮೊದಲ ಸಲ ಹೈದರಾಬಾದಿಗೇ ಹೋಗಿ. ಬೀದರ್‌ನಿಂದ ಸುಮಾರು 140 ಕಿಲೋಮೀಟರ್, ನಿಮಗೆ 220ರ ಆಸುಪಾಸು. ಬೆಂಗಳೂರಿನಲ್ಲಿ ಶೋಗಳು ಜಾಸ್ತಿ, ನಿಜ. ಆದರೆ ಹೋಗೋಕೆ ಒಂದು ರಾತ್ರಿ, ಬರೋಕೆ ಒಂದು ರಾತ್ರಿ ಬೇಕು.

ದೊಡ್ಡ ಫೆಸ್ಟಿವಲ್ ಬೇಡ. ಇನ್ನೂರು, ಮುನ್ನೂರು ಜನ ಹಿಡಿಸುವ ಜಾಗ ಹುಡುಕಿ. ಅಲ್ಲಿ ಗಿಟಾರಿನವರು ಕಾಲಲ್ಲಿ ಪೆಡಲ್ ಒತ್ತುವುದು, ಡ್ರಮ್ಮರ್ ಕಡೆ ತಿರುಗಿ ಕಣ್ಣಲ್ಲೇ ಸನ್ನೆ ಮಾಡುವುದು ಎಲ್ಲ ಕಾಣುತ್ತದೆ. ರೆಕಾರ್ಡಿಂಗ್‌ನಲ್ಲಿ ನಾಲ್ಕು ನಿಮಿಷದ ಹಾಡು ಅಲ್ಲಿ ಎಂಟು ನಿಮಿಷಕ್ಕೆ ಬೆಳೆಯುತ್ತದೆ. ನಾನು ಲೈವ್ ಶೋಗೆ ಹೋಗುವುದೇ ಆ ಉಳಿದ ನಾಲ್ಕು ನಿಮಿಷಕ್ಕೆ.

ನಿಲ್ಲುವ ಜಾಗ ಅಂದ್ರೆ ಸೌಂಡ್ ಡೆಸ್ಕ್ ಹತ್ತಿರ, ಅಂದ್ರೆ ಎಂಜಿನಿಯರ್ ಕೂತು ಸದ್ದು ಹೊಂದಿಸುವ ಮೇಜಿನ ಬಳಿ. ಎಂಜಿನಿಯರ್ ತಮ್ಮ ಕಿವಿಗೆ ಕೇಳಿದಂತೆಯೇ ಎಲ್ಲವನ್ನೂ ಹೊಂದಿಸುತ್ತಾರೆ. ವೇದಿಕೆಗೆ ತೀರಾ ಅಂಟಿ ನಿಂತರೆ ಡ್ರಮ್ಮು, ಆಂಪ್ಲಿಫೈಯರ್ ನೇರವಾಗಿ ಹೊಡೆಯುತ್ತವೆ. ದೊಡ್ಡ ಸ್ಪೀಕರ್‌ಗಳ ಮುಖ ಹಿಂದಿನ ಜನರ ಕಡೆ ಇರುವುದರಿಂದ ಹಾಡುವವರ ದನಿ ಅಲ್ಲಿ ಮಂಕಾಗುತ್ತದೆ. ಮೂಲೆಯೂ ಬೇಡ, ಅಲ್ಲಿ ಬೇಸ್ ಒಂದೇ ಗುಂಯ್‌ಗುಡುತ್ತದೆ.

ಕಲಬುರಗಿಯಿಂದ ಇನ್ನೊಬ್ಬರು: ಬ್ಯಾಂಡ್ ವಿಷಯ ನಾನು ಹೇಳುತ್ತೇನೆ. ಪರ್ವಾಜ್ ಎಲ್ಲಿ ನುಡಿಸಿದರೂ ಬಿಡಬೇಡಿ. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬ್ಯಾಂಡ್, ಹಾಡುವುದು ಉರ್ದು ಮತ್ತು ಕಾಶ್ಮೀರಿಯಲ್ಲಿ. ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳಿ ಬೆಳೆದ ನಮ್ಮೂರವರಿಗೆ ಆ ಉರ್ದು ಹೊಸದಲ್ಲ, ಅಲ್ವಾ? ಒಂದೇ ಸಾಲನ್ನು ತಿರುಗಿ ತಿರುಗಿ ಹಾಡಿ, ಪ್ರತಿ ಸಲ ಇನ್ನೊಂದು ಮೆಟ್ಟಿಲು ಹತ್ತಿಸುವ ಗುಣ ಕವ್ವಾಲಿ, ಪರ್ವಾಜ್ ಎರಡರಲ್ಲೂ ಇದೆ. ಹೋಗುವ ಮುಂಚೆ ಅವರ 2014 ಮತ್ತು 2019ರ ಆಲ್ಬಮ್ ಎರಡೂ ಕೇಳಿ. ಹಾಡು ಗೊತ್ತಿದ್ದಾಗಲೇ ವೇದಿಕೆಯಲ್ಲಿ ಏನು ಬದಲಾಯಿತು ಅಂತ ತಿಳಿಯುವುದು.

ಕನ್ನಡದ್ದೇ ಬೇಕು ಅಂದ್ರೆ ರಘು ದೀಕ್ಷಿತ್, ಸ್ವರಾತ್ಮ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದ ಹಾಡುವಾಗ ಇಡೀ ಸಭಾಂಗಣ ಜೊತೆಗೆ ಹಾಡುತ್ತದೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಹುಟ್ಟಿದ ನಮ್ಮ ಸೀಮೆಯಿಂದಲೂ ಒಂದು ಬ್ಯಾಂಡ್ ಬರಬೇಕು, ಅವನ್ನು ಗಿಟಾರ್ ಹಿಡಿದು ಹಾಡಬೇಕು. ಇದು ನನ್ನ ಬಹಳ ದಿನದ ಆಸೆ.

ಇನ್ನೊಂದು, ಮುಖ್ಯ ಬ್ಯಾಂಡಿಗಿಂತ ಮೊದಲು ನುಡಿಸುವ ಹುಡುಗರನ್ನು ಬಿಡಬೇಡಿ. ಆಗ ಜನ ಹೊರಗೆ ಹರಟುತ್ತಿರುತ್ತಾರೆ, ಇದು ನನಗೆ ತುಂಬಾ ಬೇಜಾರು. ಹೊಸಬರ ಹಾಡು ಹಿಡಿಸಿದರೆ ಟೀ ಶರ್ಟೋ ಸೀಡಿಯೋ ಅಲ್ಲೇ ಕೊಳ್ಳಿ, ದುಡ್ಡು ನೇರವಾಗಿ ಅವರ ಕೈಗೆ ಹೋಗುತ್ತದೆ.

ಯಾದಗಿರಿಯಿಂದ: ದಯವಿಟ್ಟು ಇಯರ್‌ಪ್ಲಗ್ ತಗೊಂಡು ಹೋಗಿ. ಇದನ್ನು ಯಾರೂ ಹೇಳಲ್ಲ. 85 ಡೆಸಿಬಲ್ ಸದ್ದನ್ನು ಕಿವಿ ಎಂಟು ಗಂಟೆ ತಾಳುತ್ತದೆ ಅಂತ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಕಾಲು ಗಂಟೆ ಮಾತ್ರ. ರಾಕ್ ಶೋದಲ್ಲಿ ಅಷ್ಟು ಸದ್ದು ಮಾಮೂಲಿ. ಮೆಡಿಕಲ್ ಅಂಗಡಿಯ ಫೋಮ್ ಪ್ಲಗ್ಗೂ ನಡೆಯುತ್ತದೆ, ಆದರೆ ಡ್ರಮ್ ಸೆಟ್ಟಿನ ಲೋಹದ ತಟ್ಟೆ, ಅಂದ್ರೆ ಸಿಂಬಲ್‌ನ ಸದ್ದಿನ ಹೊಳಪು ಮಂಕಾಗುತ್ತದೆ. ಸಂಗೀತಗಾರರು ಹಾಕುವ ಬಗೆಯ ಪ್ಲಗ್ ಸಿಕ್ಕರೆ ಅದೇ ಬೆಸ್ಟು.

ಬಯಲಿನ ಶೋ ಆದರೆ ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ಮುಗಿಯುತ್ತದೆ, ಧ್ವನಿವರ್ಧಕದ ನಿಯಮ ಇದೆ. ವಾಪಸ್ ಬಸ್ ಹನ್ನೊಂದೂವರೆಯ ಮೇಲಿನದು ನೋಡಿ. ಕೊನೆಯ ಹಾಡಿನ ಹೊತ್ತಿಗೆ ಗಡಿಯಾರ ನೋಡುವ ಹಾಗಾಗಬಾರದು.

ತಂಗಿಯ ವಯಸ್ಸು ಎಷ್ಟು? ಪಬ್ಬಿನಲ್ಲಿ ಶೋ ಇದ್ದರೆ ಬಾಗಿಲಲ್ಲೇ ಗುರುತಿನ ಚೀಟಿ ಕೇಳಬಹುದು. ತೆಲಂಗಾಣದಲ್ಲಿ ಮದ್ಯಕ್ಕೆ 21 ಆಗಿರಬೇಕು, ಹಾಗಾಗಿ ಕೆಲವು ಕಡೆ ಅದಕ್ಕಿಂತ ಚಿಕ್ಕವರನ್ನು ಒಳಗೇ ಬಿಡಲ್ಲ. ಟಿಕೆಟ್ ಕೊಳ್ಳುವ ಮೊದಲೇ ಆ ಜಾಗಕ್ಕೆ ಫೋನ್ ಮಾಡಿ ಕೇಳಿ.

ಕೇಳಿದವರು: ತಂಗಿಗೆ 19. ಹಾಗಾದರೆ ಪಬ್ ಬಿಟ್ಟು ಸಭಾಂಗಣದ ಶೋಗಳನ್ನೇ ಹುಡುಕುತ್ತೇವೆ. ಪರ್ವಾಜ್ ಕೇಳೋಕೆ ಇವತ್ತೇ ಶುರು ಮಾಡಿದೆವು.