ಸಹಾಯ ಬೇಕು: ಲ್ಯೂಕಾಸ್–ಲೆಹ್ಮರ್ ಪರೀಕ್ಷೆಯಲ್ಲಿ ಶೇಷ ಸೊನ್ನೆ ಬರುತ್ತಿಲ್ಲ

ನಮಸ್ಕಾರ. 2^216091 − 1 (65,050 ಅಂಕಿ) ಅವಿಭಾಜ್ಯವೆಂದು ಜಯನಗರದಲ್ಲಿ ಭಾನುವಾರ ಕಾಲೇಜು ಮಕ್ಕಳಿಗೆ ತೋರಿಸಬೇಕಿದೆ. ಈ ಪರೀಕ್ಷೆ ಎಂದರೆ 4ರಿಂದ ಶುರುಮಾಡಿ, ವರ್ಗ ಮಾಡಿ 2 ಕಳೆದು, ಈ ಸಂಖ್ಯೆಯಿಂದ ಭಾಗಿಸಿದ ಶೇಷ ಇಟ್ಟುಕೊಳ್ಳುವುದು, 216089 ಸಲ. ಕೊನೆಗೆ ಸೊನ್ನೆ ಉಳಿಯಬೇಕು. (ಎಲ್ಲ ಬಿಟ್ 1 ಆಗಿದ್ದರೂ ಸೊನ್ನೆಯೇ, ಅದನ್ನು ನೋಡಿದ್ದಾಗಿದೆ.) ನನ್ನ ಪ್ರೋಗ್ರಾಂನಲ್ಲಿ ಘಾತ 44497ಕ್ಕೆ ಸರಿ ಬರುತ್ತೆ, ಇದಕ್ಕೆ ಇಲ್ಲ.

ಕಾರಣ ಗೊತ್ತು: ಎಫ್‌ಎಫ್‌ಟಿ ಗುಣಾಕಾರಕ್ಕೆ (ದೊಡ್ಡ ಸಂಖ್ಯೆಗಳನ್ನು ತುಂಡು ಮಾಡಿ ಬೇಗ ಗುಣಿಸುವ ವಿಧಾನ) 20 ಬಿಟ್‌ನ 10,805 ತುಂಡು ಮಾಡಿದರೆ ಮೊತ್ತ ದಶಮಾಂಶ ಸಂಖ್ಯೆ ಇಡುವ ಡಬಲ್‌ನ 53 ಬಿಟ್ ದಾಟುತ್ತೆ, ದುಂಡಾಗಿಸುವಾಗ ತಪ್ಪುತ್ತೆ. 16 ಬಿಟ್‌ಗೆ ಇಳಿಸಿದರೆ ಸರಿ, ಆದರೆ ಅರ್ಧ ಜಾಗ ಸೊನ್ನೆ ತುಂಬಿ ಉದ್ದ 32,768 ಆಗಿ ತುಂಬಾ ನಿಧಾನ.

ಸೊನ್ನೆ ತುಂಬುವ ಬದಲು ತುಂಡುಗಳನ್ನು ಮೊದಲೇ ತಕ್ಕ ತೂಕದಿಂದ ಗುಣಿಸುವ ಎಫ್‌ಎಫ್‌ಟಿಯಲ್ಲಿ ಉದ್ದ 16,384 ಸಾಕು, ತುಂಡಿಗೆ 13 ಅಥವಾ 14 ಬಿಟ್. ಅಲ್ಲಿ ಕೊನೆಯ ತುಂಡಿನ ಕ್ಯಾರಿ (ಮುಂದಿನ ತುಂಡಿಗೆ ಒಯ್ಯುವ ಹೆಚ್ಚುವರಿ) ಮೊದಲನೆಯದಕ್ಕೆ ಸುತ್ತಿ ಬರಬೇಕು. ಋಣ ಅಂಕಿಗಳಿದ್ದಾಗ ಅದನ್ನು ಹೇಗೆ ಬರೆಯುವುದು? ಬರೆದವರಿದ್ದರೆ ದಯವಿಟ್ಟು ಆ ನಾಲ್ಕು ಸಾಲು ಕೋಡ್ ಕಳಿಸಿ.