ನೀತಿಯ ವಿಷಯದಲ್ಲಿ ಜನರ ವಿವೇಚನೆ ನಂಬಬಹುದೇ, ಕಟ್ಟುನಿಟ್ಟಿನ ನಿಯಮವೇ ಬೇಕೇ?

ಕುತೂಹಲಿ:
ಸ್ವಯಂಸೇವಕರ ಸಂಘವೊಂದಕ್ಕೆ ನೀತಿ ಸಂಹಿತೆ ಬರೆಯುವ ಕೆಲಸ ನಡೆದಿದೆ. ಒಂದು ಬಣದವರು "ಸುಳ್ಳು ಹೇಳಬಾರದು, ಉಡುಗೊರೆ ಮುಟ್ಟಬಾರದು, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳಬಾರದು, ಯಾವುದಕ್ಕೂ ವಿನಾಯಿತಿ ಇಲ್ಲ" ಅಂತಾರೆ. ಇನ್ನೊಂದು ಬಣಕ್ಕೆ "ಸಂದರ್ಭ ನೋಡಿ ವಿವೇಚನೆಯಿಂದ ನಡೆದುಕೊಳ್ಳಿ" ಅನ್ನುವ ಒಂದೇ ಸಾಲು ಸಾಕು. ಮೊದಲನೆಯದರಲ್ಲಿ ಕರುಣೆಗೆ ಜಾಗವಿಲ್ಲ, ಎರಡನೆಯದರಲ್ಲಿ ಹಿಡಿದು ಕೇಳೋಕೆ ಏನೂ ಇಲ್ಲ. ಜನರಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟು ನಂಬಬಹುದಾ? ತಿಳಿದವರು ಹೇಳಿ.

ನಡುದಾರಿ:
ಎರಡನೇ ಬಣದ ಒಂದೇ ಸಾಲನ್ನು ಒಂದು ಇಡೀ ರಾಜ್ಯವೇ ಪ್ರಯೋಗ ಮಾಡಿ ನೋಡಿದೆ. ಅಮೆರಿಕದ ಮೊಂಟಾನಾದಲ್ಲಿ 1995ರ ಕೊನೆಯಿಂದ ಹಗಲು ಹೊತ್ತಿನ ಹೆದ್ದಾರಿಗೆ ಅಂಕಿಯ ವೇಗಮಿತಿ ಇರಲಿಲ್ಲ; "ಸಮಂಜಸವಾಗಿ, ಎಚ್ಚರಿಕೆಯಿಂದ" ಓಡಿಸಿ ಅಂತಷ್ಟೇ ಕಾನೂನು. ಗಂಟೆಗೆ 85 ಮೈಲಿ ವೇಗದಲ್ಲಿ ಹೋದ ಒಬ್ಬರಿಗೆ ದಂಡ ಬಿತ್ತು. ಹಾಗಾದರೆ ಅಲ್ಲಿ ಎಷ್ಟು ವೇಗ ಸಮಂಜಸ ಅನ್ನುವುದಕ್ಕೆ ಹಿಡಿದ ಅಧಿಕಾರಿಯ ಬಳಿಯೂ ಅಂಕಿ ಇರಲಿಲ್ಲ. ಏನು ಮಾಡಿದರೆ ತಪ್ಪು ಅಂತ ಮೊದಲೇ ತಿಳಿಯದ ಕಾನೂನು ಇದು ಅಂತ 1998ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮರುವರ್ಷ 75 ಮೈಲಿಯ ಮಿತಿ ಬಂತು. ಅಸ್ಪಷ್ಟ ನಿಯಮದಲ್ಲಿ ಸ್ವಾತಂತ್ರ್ಯ ಸಿಗುವುದು ತಪ್ಪು ಹಿಡಿಯುವವನಿಗೆ, ನಡೆಯುವವನಿಗಲ್ಲ. ನಿಮ್ಮ ಎರಡನೇ ಬಣದವರು ಇದನ್ನು ಗಮನಿಸಬೇಕು.

ಇದಕ್ಕಿಂತ ಒಳ್ಳೆಯ ಮಾದರಿ ಅಮೆರಿಕದ ವಿಮಾನಯಾನ ನಿಯಮ 91.3. ತಕ್ಷಣ ಏನಾದರೂ ಮಾಡಲೇಬೇಕಾದ ತುರ್ತು ಬಂದರೆ, ಆ ತುರ್ತಿಗೆ ಬೇಕಾದಷ್ಟರ ಮಟ್ಟಿಗೆ ಪೈಲಟ್ ಸಂಚಾರ ನಿಯಮಗಳನ್ನು ಮೀರಬಹುದು. ಕೇಳಿದರೆ ಲಿಖಿತ ವರದಿ ಕೊಡಬೇಕು. 2009ರ ಜನವರಿಯಲ್ಲಿ ಹಡ್ಸನ್ ನದಿಗಿಳಿದ ವಿಮಾನವನ್ನೇ ನೋಡಿ. ಹಕ್ಕಿ ಬಡಿದಾಗ ಅದು ಸುಮಾರು 2,800 ಅಡಿಯಲ್ಲಿತ್ತು. ಎರಡೂ ಇಂಜಿನ್ ನಿಂತಾಗ ಓದಬೇಕಾದ ಚೆಕ್‌ಲಿಸ್ಟ್ ಬರೆದದ್ದು 20,000 ಅಡಿಗಿಂತ ಮೇಲಿನ ಪರಿಸ್ಥಿತಿಗೆ. ಇಂಜಿನ್ ನಿಂತರೂ ವಿದ್ಯುತ್ ಕೊಡುವ ಸಹಾಯಕ ಘಟಕವನ್ನು ಚಾಲೂ ಮಾಡುವ ಹೆಜ್ಜೆ ಆ ಪಟ್ಟಿಯಲ್ಲಿ ಎಷ್ಟೋ ಕೆಳಗಿತ್ತು, ಕ್ಯಾಪ್ಟನ್ ಅದನ್ನು ಮೊದಲೇ ಮಾಡಿದರು. ಪಕ್ಕದಲ್ಲಿ ಸಹ ಪೈಲಟ್ ಪಟ್ಟಿಯನ್ನು ಸಾಲಾಗಿ ಓದುತ್ತಲೇ ಇದ್ದರು. 155 ಜನವೂ ಬದುಕಿದರು. ಒಬ್ಬರು ಪಟ್ಟಿ ಹಿಡಿದಿದ್ದರಿಂದಲೇ ಇನ್ನೊಬ್ಬರು ಅದನ್ನು ದಾಟಿ ಯೋಚಿಸಲು ಸಾಧ್ಯವಾಯಿತು.

ಅಳತೆಗೋಲು:
ಪೈಲಟ್ ಉದಾಹರಣೆಯಲ್ಲಿ ಒಂದು ತೊಂದರೆಯಿದೆ. ವಿಮಾನ ಬಿದ್ದರೆ ಪೈಲಟ್ ಕೂಡ ಸಾಯುತ್ತಾನೆ. ವಿವೇಚನೆ ಕೆಟ್ಟರೆ ಅದರ ಪೆಟ್ಟು ತನಗೂ ಬೀಳುತ್ತದೆ ಅನ್ನುವ ಕಡೆ ಸ್ವಾತಂತ್ರ್ಯ ಕೊಡುವುದು ಸುಲಭ. ಕುತೂಹಲಿ ಅವರ ಸಂಘದಲ್ಲಿ ಪೆಟ್ಟು ಬೀಳುವುದು ಸಹಾಯ ಪಡೆಯಲು ಬಂದವರಿಗೆ.

ಅಂಕಿಅಂಶದ ಸೂತ್ರವನ್ನು ಯಾವಾಗ ಬದಿಗಿಟ್ಟು ಸ್ವಂತ ವಿವೇಚನೆ ಬಳಸಬೇಕು ಅನ್ನುವುದರ ಬಗ್ಗೆ ಮನಃಶಾಸ್ತ್ರಜ್ಞ ಪಾಲ್ ಮೀಲ್ 1954ರಲ್ಲೇ ಬರೆದಿದ್ದರು. ಒಬ್ಬ ಪ್ರತಿವಾರ ಸಿನಿಮಾಕ್ಕೆ ಹೋಗುತ್ತಾನೆ ಅಂತ ಸೂತ್ರ ಹೇಳುತ್ತದೆ. ಅವನ ಕಾಲು ಮುರಿದಿದೆ ಅಂತ ಗೊತ್ತಾದರೆ ಸೂತ್ರ ಬದಿಗಿಡಬೇಕು. ನಿಜವೇ. ಆದರೆ ವಿನಾಯಿತಿಯ ಅಧಿಕಾರ ಕೈಗೆ ಬಂದ ಮೇಲೆ ಜನ ಎಲ್ಲೆಲ್ಲೂ ಮುರಿದ ಕಾಲು ಕಾಣತೊಡಗುತ್ತಾರೆ. ಅದಕ್ಕೇ ಸರಳ ಸೂತ್ರ ಎಷ್ಟೋ ಸಲ ಅನುಭವಿ ತಜ್ಞರ ಅಂದಾಜಿಗೆ ಸಮನಾಗಿಯೋ ಮೇಲಾಗಿಯೋ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸೆ ಪಟ್ಟಿಯನ್ನು ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ಆ ವೈದ್ಯರಿಗೆ ವಿವೇಕದ ಕೊರತೆ ಇತ್ತೇ? ಖಂಡಿತ ಇಲ್ಲ. ಅವಸರದಲ್ಲಿ ವಿವೇಕವೂ ಮರೆಯುತ್ತದೆ.

ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ: ಈ ವಿನಾಯಿತಿಯಿಂದ ಲಾಭ ಯಾರಿಗೆ? ನಿಯಮ ಮೀರಿದವನಿಗೇ ಕಷ್ಟ, ಎದುರಿನವರಿಗೆ ಅನುಕೂಲ ಅಂತಾದರೆ ಧಾರಾಳವಾಗಿ ನಂಬಿ. ಮೀರಿದವನಿಗೇ ಲಾಭವಿದ್ದರೆ ಕಾರಣ ಎಷ್ಟೇ ಸೊಗಸಾಗಿದ್ದರೂ ಬೇಡ. ನಿಮ್ಮ ಪಟ್ಟಿಯ ಉಡುಗೊರೆ ಈ ಗುಂಪಿಗೆ ಸೇರುತ್ತದೆ. ಅಲ್ಲಿ ವಿನಾಯಿತಿಯೇ ಇರಬಾರದು.

ಹಳೆಗಡತ:
ಲಾಭ ಯಾರಿಗೆ ಅನ್ನುವ ಪ್ರಶ್ನೆಯನ್ನು ನಿಯಮ ಪಾಲಿಸುವವನಿಗೂ ಕೇಳಬೇಕಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವ್ರತ ಹಿಡಿದ ಕೌಶಿಕ, ಓಡಿಹೋದವರು ಯಾವ ಕಡೆ ಹೋದರು ಅಂತ ಕಳ್ಳರು ಕೇಳಿದಾಗ ತೋರಿಸಿಬಿಟ್ಟ. ಓಡಿಹೋದವರು ಸತ್ತರು, ಕೌಶಿಕ ನರಕಕ್ಕೆ ಹೋದ. ಜರ್ಮನ್ ತತ್ತ್ವಜ್ಞಾನಿ ಇಮಾನ್ಯುಯೆಲ್ ಕಾಂಟ್ 1797ರಲ್ಲಿ ಹೆಚ್ಚುಕಡಿಮೆ ಇದೇ ಸನ್ನಿವೇಶಕ್ಕೆ ತದ್ವಿರುದ್ಧ ತೀರ್ಪು ಕೊಟ್ಟ: ಕೊಲೆಗಾರನಿಗೂ ಸುಳ್ಳು ಹೇಳಕೂಡದು. ನಾನು ಕೃಷ್ಣನ ಕಡೆ. ಕೌಶಿಕ ಕಾಪಾಡಿಕೊಂಡದ್ದು ತನ್ನ ವ್ರತವನ್ನು, ಜೀವ ತೆತ್ತವರು ಬೇರೆಯವರು.

ಇನ್ನೊಂದು ಅಪಾಯ ದಂಡದ್ದು. ಇಸ್ರೇಲಿನ ಹೈಫಾದಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ಆರು ಶಿಶುವಿಹಾರಗಳು ದಂಡ ಹಾಕಿದವು. ತಡವಾಗಿ ಬರುವವರು ಸುಮಾರು ದುಪ್ಪಟ್ಟಾದರು! ಶಿಕ್ಷಕಿ ಕಾಯುತ್ತಾರಲ್ಲ ಅನ್ನುವ ಸಂಕೋಚ ಹೋಗಿ, ದುಡ್ಡು ಕೊಟ್ಟರಾಯಿತು ಅನ್ನುವ ಲೆಕ್ಕ ಬಂತು. ದಂಡ ತೆಗೆದ ಮೇಲೂ ಆ ಸಂಕೋಚ ಮರಳಲಿಲ್ಲ. 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನ ಇದು. ನಿಯಮದ ಜೊತೆ ಅದರ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಇಲ್ಲದಿದ್ದರೆ ನೀವು ಚಾಪೆ ಕೆಳಗೆ ನುಸುಳದಂತೆ ಮಾಡಿದರೆ ಜನ ರಂಗೋಲಿ ಕೆಳಗೆ ನುಸುಳುತ್ತಾರೆ.

ಕುತೂಹಲಿ:
ಎಲ್ಲರಿಗೂ ಧನ್ಯವಾದ. ಹಾಗಾದರೆ ವಿನಾಯಿತಿಯ ಕಲಮನ್ನು ಬರೆಯೋದು ಹೇಗೆ? ಗುಟ್ಟು ಕಾಪಾಡುವ ನಿಯಮವನ್ನೇ ತಗೊಳ್ಳಿ.

ನಡುದಾರಿ:
ಹೀಗೆ ಬರೆಯಬಹುದು: "ಹೇಳಿಕೊಂಡವರ ಮಾತನ್ನು ಅವರ ಒಪ್ಪಿಗೆಯಿಲ್ಲದೆ ಯಾರಿಗೂ ತಿಳಿಸಬಾರದು, ತಿಳಿಸಿದರೆ ಮುಂದೆ ಯಾರೂ ಸಹಾಯ ಕೇಳಲು ಬರುವುದಿಲ್ಲ. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ಅದನ್ನು ತಪ್ಪಿಸಲು ಬೇಕಾದಷ್ಟನ್ನು ಮಾತ್ರ, ತಪ್ಪಿಸಬಲ್ಲವರಿಗೆ ಮಾತ್ರ ತಿಳಿಸಬಹುದು." "ಬೇಕಾದಷ್ಟು ಮಾತ್ರ" ಅನ್ನುವುದನ್ನು ಬಿಡಬೇಡಿ. ಅದಿಲ್ಲದಿದ್ದರೆ ಒಂದು ವಿಷಯ ತಿಳಿಸಲು ಹೋದವರು ಇಡೀ ಸಂಸಾರದ ಕಥೆ ಹೇಳಿ ಬರುತ್ತಾರೆ.

ನಿಯಮ ಮೀರಿದವರು ಎರಡು ದಿನದೊಳಗೆ ಅರ್ಧ ಪುಟ ಬರೆದುಕೊಡಲಿ: ಯಾವ ನಿಯಮ, ಪಾಲಿಸಿದ್ದರೆ ಏನಾಗುತ್ತಿತ್ತು, ಬೇರೆ ದಾರಿ ಯಾಕೆ ಆಗಲಿಲ್ಲ. ನಮೂನೆ ಉದ್ದವಾದರೆ ಯಾರೂ ತುಂಬುವುದಿಲ್ಲ. ಓದುವವರು ಅವರ ಮೇಲಿನವರಾಗಿರಬಾರದು, ಯಾಕೆಂದರೆ ಮೇಲಿನವರಿಗೆ ಜನ ಅವರಿಗೆ ಹಿಡಿಸುವಂತೆ ಬರೆಯುತ್ತಾರೆ. ಬೇರೆ ತಂಡದ ಇಬ್ಬರು ಓದಲಿ. ಆ ಹೊತ್ತಿಗೆ ಗೊತ್ತಿದ್ದ ಸಂಗತಿಗಳ ಮೇಲೆಯೇ ಅವರು ತೀರ್ಮಾನಿಸಬೇಕು. ಅದೃಷ್ಟದಿಂದ ಒಳ್ಳೆಯದಾಯಿತು ಅಂತ ಕೆಟ್ಟ ನಿರ್ಧಾರವನ್ನು ಹೊಗಳಿದರೆ ಮುಂದಿನವರು ಅದನ್ನೇ ಮಾಡುತ್ತಾರೆ.

ಅಳತೆಗೋಲು:
ಒಪ್ಪಿದೆ, ಇನ್ನೊಂದು ಸಾಲು ಸೇರಿಸಿ. ತಾನಾಗಿ ಬರೆದುಕೊಟ್ಟ ವಿನಾಯಿತಿ, ನಿರ್ಧಾರ ತಪ್ಪಾಗಿದ್ದರೂ, ಶಿಕ್ಷೆಗೆ ಗುರಿಯಲ್ಲ, ಮುಚ್ಚಿಟ್ಟದ್ದು ಗುರಿ. ಒಂದೇ ಬಗೆಯ ವಿನಾಯಿತಿ ಮೂರನೇ ಸಲ ಬಂದರೆ ಸಭೆಯಲ್ಲಿಟ್ಟು ಆ ನಿಯಮವನ್ನೇ ತಿದ್ದಿ.